ಕಾವೇರಿಗೆ ಬೆಂಕಿ ಹಚ್ಚಿದ ಅಳಿಯ

ಶಿವನಸಮುದ್ರದ ಪವರ್‌ಹೌಸಿನ ರವಿಚಂದ್ರ ಹೋದ ದಸರಾ ರಜೆಯಲ್ಲಿ ಕಾವೇರಿ ನದಿಗೆ ಬೆಂಕಿ ಹಚ್ಚಿದ. ದಡಕ್ಕಲ್ಲ, ದಡದ ಹುಲ್ಲಿಗಲ್ಲ, ಹರಿಯುವ ನೀರಿಗೆ. ಅದೂ ಒಂದೇ ಕಡ್ಡಿಯಲ್ಲಿ, ಅದೂ ಕೊಡದಲ್ಲಿ ಹೊಯ್ದಂತೆ ಮಳೆ ಸುರಿಯುತ್ತಿದ್ದಾಗ. ಉರಿ ಈ ದಡದಿಂದ ಆ ದಡಕ್ಕೆ ದಾಟಿತು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೀರೆಗಳನ್ನು ಅದರ ಮೇಲೇ ಹಿಡಿದು ಒಣಗಿಸಿಕೊಂಡರು. ಮೀನುಗಳು ನೀರಲ್ಲೇ ಬೆಂದು ತೇಲಿ ಬಂದವು. ಉಪ್ಪು ಖಾರ ಹಾಕುವುದೊಂದೇ ಬಾಕಿ. ಕೆಳಗಡೆ ಊರುಗಳವರು ಆ ಬೆಳಕಿಗೆ ಬೆಳಗಾಯಿತೆಂದುಕೊಂಡು ಎದ್ದು ಹಾಲು ಕರೆದರು.

ನಂಬದವರು ರವಿಚಂದ್ರನನ್ನೇ ಕೇಳಬಹುದು. ಅವನಷ್ಟು ಖಡಾಖಂಡಿತವಾಗಿ ಹೇಳುವವರು ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ.

ಇದನ್ನು ಅವನು ಹೇಳಿದ್ದು ಈ ವರ್ಷದ ಬುದ್ಧ ಪೂರ್ಣಿಮೆಯ ಸಂಜೆ, ಬೆಸಗರಹಳ್ಳಿಯಲ್ಲಿ, ಹೆಂಡತಿ ಅರುಂಧತಿಯ ತವರಿನ ಅಂಗಳದಲ್ಲಿ. ಬುದ್ಧವಂದನೆ ಮುಗಿದಿತ್ತು. ಮಕ್ಕಳು ಕಾಂಪೌಂಡಿನ ಗೋಡೆಯ ಮೇಲೆ ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ ಎಂದು ಐದು ಬಣ್ಣದ ಮೇಣದ ಬತ್ತಿಗಳನ್ನು ಸಾಲಾಗಿ ಹಚ್ಚಿಟ್ಟಿದ್ದರು. ನೆರೆಹೊರೆಯವರು ಚಾಪೆಯ ಮೇಲೆ ಕೂತು ಪಾಯಸ ಕುಡಿಯುತ್ತಿದ್ದರು. ಅವರ ನಡುವೆ ರವಿಚಂದ್ರ ಕಾಲು ಚಾಚಿ, ಲೋಟವನ್ನೇ ನದಿ ಮಾಡಿಕೊಂಡು, ಬೆಂಕಿ ಎಲ್ಲಿ ಹತ್ತಿತು, ಎಲ್ಲಿ ತಿರುಗಿತು ಎಂದು ಬೆರಳಲ್ಲಿ ತೋರಿಸುತ್ತಿದ್ದ.

ಸ್ವಲ್ಪ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ಮಾವ ಲಿಂಗಯ್ಯ ಕೂತಿದ್ದರು. ಮಳವಳ್ಳಿ ಡಿಪೋದಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಮೀಸೆ ಚಿಗುರುತ್ತಿರುವ ಮಗನನ್ನು ಮಡಿಲಲ್ಲಿ ಮುದುಡಿಸಿ ಕೂರಿಸಿಕೊಂಡು ‘ಇನ್ನೂ ಇಸ್ಕೂಲಿಗೇ ಸೇರಿಸಿಲ್ಲ ಸಾರ್’ ಎನ್ನುವ ತಾಯಂದಿರನ್ನು ಮುಖ ನೋಡಿಯೇ ಹಿಡಿದವರು. ಕೆಲಸ ಬಿಟ್ಟರೂ ಹೆಗಲಿನ ಚರ್ಮದ ಚೀಲ ಬಿಟ್ಟಿರಲಿಲ್ಲ. ಮದುವೆಯಾದಂದಿನಿಂದ ಅಳಿಯ ಏನೇ ಹೇಳಿದರೂ ಪೂರ್ತಿ ಕೇಳಿಸಿಕೊಂಡು, ಮಗಳ ಕಡೆ ತಿರುಗಿ, “ಅರ್ಧ ಟಿಕೆಟ್ಟು ಕಣಮ್ಮ” ಎನ್ನುತ್ತಿದ್ದರು. ಅದರ ಮೇಲೆ ಒಂದು ಮಾತಿಲ್ಲ.

ರವಿಚಂದ್ರನಿಗೆ ಲೋಕದಲ್ಲಿ ಯಾರು ನಂಬದಿದ್ದರೂ ನಡೆಯುತ್ತಿತ್ತು. ಅವನ ಸಹೋದ್ಯೋಗಿ ದೇವರಾಜು ನಂಬುತ್ತಿರಲಿಲ್ಲ, ಸ್ವಂತ ಮಗಳು ವೀಣ ನಂಬುತ್ತಿರಲಿಲ್ಲ, ಅವನಿಗೇನೂ ಬೇಜಾರಿರಲಿಲ್ಲ. ಆದರೆ ಮಾವನ ಬಾಯಿಂದ ಒಂದೇ ಒಂದು ಸಲ ‘ಪರವಾಗಿಲ್ಲ, ಗಟ್ಟಿಗ’ ಎನ್ನಿಸಿಕೊಳ್ಳಬೇಕೆಂಬ ಆಸೆ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಆ ಮಾತು ಅವನಿಗೆ ಸಿಕ್ಕಿದ್ದೂ ಆ ದಸರಾ ರಜೆಯಲ್ಲೇ. ಅದು ಹೇಗೆ ಸಿಕ್ಕಿತು ಎನ್ನುವುದಕ್ಕೆ ಟೆಂಟಿನಿಂದ ಶುರು ಮಾಡಬೇಕು.

ಪವರ್‌ಹೌಸಿನಲ್ಲಿ ಅವನದು ಪಾಳಿ ಕೆಲಸ. ಅರುಂಧತಿ ಮಳವಳ್ಳಿಯಲ್ಲಿ ಹೈಸ್ಕೂಲು ಮೇಡಮ್ಮು. ಇವನು ಮನೆಗೆ ಬಂದು ಮಲಗುವ ಹೊತ್ತಿಗೆ ಅವಳು ಬಸ್ಸಿಗೆ ಓಡುತ್ತಿದ್ದಳು. ಅವಳು ಬರುವ ಹೊತ್ತಿಗೆ ಇವನು ಟಿಫನ್ ಕ್ಯಾರಿಯರ್ ಹಿಡಿದು ಹೊರಟಿರುತ್ತಿದ್ದ. ಗಂಡ ಹೆಂಡತಿ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಎದುರು ಬದುರಾಗಿ ‘ಸಾರು ಫ್ರಿಜ್ಜಲ್ಲಿದೆ’, ‘ಗ್ಯಾಸು ಬಂತಾ’ ಎಂದು ಸಂಸಾರ ಮಾಡುತ್ತಿದ್ದರು. ಅದಕ್ಕೇ ಅವನು ಟೆಂಟು ತರಿಸಿದ್ದು. ಶಾಲೆಗೆ ರಜೆ ಸಿಕ್ಕಾಗ ತಾನೂ ರಜೆ ಹಾಕಿ, ಹೊಳೆ ದಂಡೆಯ ದೇವರಾಜುವಿನ ತೆಂಗಿನ ತೋಟದಲ್ಲಿ ಟೆಂಟು ಹೊಡೆದು, ಮೂರು ಕಲ್ಲಿಟ್ಟು ಒಲೆ ಹೂಡಿ, ಮೂವರೂ ಒಂದೇ ಬೆಂಕಿಯ ಸುತ್ತ ಕೂತು ಉಣ್ಣುವುದು. ಆ ಟೆಂಟಿನೊಳಗೆ ಇಡೀ ಮಂಡ್ಯ ಜಿಲ್ಲೆ ಮಲಗಬಹುದು ಎಂದು ಅವನು ಹೇಳುತ್ತಿದ್ದ. ಮೂವರು ಮಲಗಿದರೆ ಒಬ್ಬರ ಕಾಲು ಹೊರಗಿರುತ್ತಿತ್ತು.

ಟೆಂಟಿನದೇನೂ ತಕರಾರಿರಲಿಲ್ಲ, ತಕರಾರೆಲ್ಲ ಒಲೆಯದು. ಮೊದಲ ಸಲ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಎಡಗಡೆಯ ಮೀಸೆ ಹೋಯಿತು. ಹುಲಿ ಅಡ್ಡ ಬಂದಿತ್ತು, ಅದನ್ನು ಓಡಿಸುವಾಗ ಹೀಗಾಯಿತು ಎಂದು ಪವರ್‌ಹೌಸಿನಲ್ಲಿ ಹೇಳಿದ. ಅಲ್ಲಿಂದ ಮುಂದೆ ಅರುಂಧತಿ ಎಣ್ಣೆಯ ಡಬ್ಬವನ್ನು ಕಾರು ಹತ್ತಿಸಲಿಲ್ಲ. ಎರಡನೇ ಸಲ ತೆಂಗಿನ ಹಸಿ ಸೋಗೆ ಸೇರಿಕೊಂಡು ಹೊಗೆಯೋ ಹೊಗೆ. ಕಣ್ಣು ಉಜ್ಜಿಕೊಳ್ಳುತ್ತ ಮೂವರೂ ಬಿಸ್ಕತ್ತು ತಿಂದು ಮಲಗಿದರು. ಬೆಳಿಗ್ಗೆ ಅರುಂಧತಿ ಟೆಂಟು ಮಡಿಸುತ್ತ ತಣ್ಣಗೆ ಹೇಳಿದಳು: “ನೋಡಿ, ಇನ್ನೊಂದ್ಸಲ ನನ್ ಮಗೂಗೆ ಬಿಸ್ಕತ್ತು ತಿನ್ಸಿ ಮಲಗ್ಸಿದ್ರೆ ಈ ಟೆಂಟ್ನ ಚಿಕ್ಕಮಾದುಗೆ ಕೊಟ್ಬುಡ್ತೀನಿ. ಅವನ್ ಗಾಡೀಗೆ ನೆರಳಾದ್ರೂ ಆಗ್ಲಿ.”

ಚಿಕ್ಕಮಾದು ಬೆಸಗರಹಳ್ಳಿಯವನೇ, ವರಸೆಯಲ್ಲಿ ಅವಳಿಗೆ ತಮ್ಮ, ಮದ್ದೂರು ಬಸ್‌ಸ್ಟ್ಯಾಂಡಿನ ಬಳಿ ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದ. ಅವಳು ಕೊಡುತ್ತೇನೆ ಎಂದಮೇಲೆ ಕೊಟ್ಟೇ ಕೊಡುವವಳು. ಹಾಗಾಗಿ ಮೂರನೇ ಸಲದ ಬೆಂಕಿ ಹತ್ತಲೇಬೇಕಾಗಿತ್ತು. ಅದರ ಜೊತೆಗೆ ಅರುಂಧತಿ ಇನ್ನೊಂದು ಸುದ್ದಿಯನ್ನೂ ತಂದಳು. ಈ ಸಲ ಅಪ್ಪನೂ ಬರುತ್ತಾರಂತೆ. ಅವ್ವ ಮಂಚಮ್ಮನಿಗೆ ಮಂಡಿ ನೋವು, ಅವರು ಬರುವುದಿಲ್ಲ. ಅಪ್ಪ ಮಾತ್ರ ‘ಅಳಿಯಂದ್ರ ಒಲೆ ನೋಡ್ಬೇಕು’ ಅಂದರಂತೆ.

ರವಿಚಂದ್ರ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡ. ಅದರಲ್ಲೊಬ್ಬ ಬಿಳಿಯ, ಮನೆಯಲ್ಲಿ ಬಿಸಾಡುವ ಸಾಮಾನಿನಿಂದಲೇ ಬೆಂಕಿ ಹೊತ್ತಿಸುವ ಗುಳಿಗೆ ಮಾಡುತ್ತಿದ್ದ: ರಟ್ಟಿನ ಮೊಟ್ಟೆ ಟ್ರೇ, ಅದರ ಗುಳಿಗಳಲ್ಲಿ ನಾರು, ಅದರ ಮೇಲೆ ಕರಗಿಸಿದ ಮೇಣ. ಒಂದೊಂದನ್ನೇ ಕತ್ತರಿಸಿಟ್ಟುಕೊಂಡರೆ ಮಳೆಯಲ್ಲೂ ಉರಿಯುತ್ತದೆ. ರವಿಚಂದ್ರ ಅದಕ್ಕೆ ಬೆಂಕಿಬಟ್ಟಲು ಎಂದು ಹೆಸರಿಟ್ಟ. ಟ್ರೇ ಮನೆಯಲ್ಲಿತ್ತು. ಮೇಣವೂ ಇತ್ತು, ನಾಡಿಗೆಲ್ಲ ಕರೆಂಟು ಕಳಿಸುವವನ ಮನೆಯಲ್ಲಿ ಕರೆಂಟು ಹೋದಾಗ ಹಚ್ಚಲೆಂದು ಅರುಂಧತಿ ಬಿಳಿ ಮೇಣದ ಬತ್ತಿ ಕೂಡಿಟ್ಟಿದ್ದಳು. ನಾರಿನ ವಿಷಯದಲ್ಲಿ ಮಾತ್ರ ಅವನ ತಲೆ ಬಿಳಿಯನ ತಲೆಗಿಂತ ಮುಂದೆ ಓಡಿತು. ಆಲೆಮನೆಯಲ್ಲಿ ಕೊಪ್ಪರಿಗೆ ಕೊಪ್ಪರಿಗೆ ಬೆಲ್ಲ ಕುದಿಯುವುದು ಏತರಿಂದ? ಹಾಲು ಹಿಂಡಿದ ಕಬ್ಬಿನ ಸಿಪ್ಪೆಯಿಂದ. ಅಷ್ಟು ದೊಡ್ಡ ಒಲೆಯೇ ಅದರಲ್ಲಿ ಉರಿಯುವಾಗ ಮೂರು ಕಲ್ಲಿನ ಒಲೆ ಯಾವ ಲೆಕ್ಕ! ನೇರ ಮದ್ದೂರಿಗೆ ಹೋಗಿ ಚಿಕ್ಕಮಾದುವಿನ ಗಾಡಿಯ ಹಿಂದೆ ಬಿದ್ದಿದ್ದ ಸಿಪ್ಪೆಯನ್ನು ಚೀಲಕ್ಕೆ ತುಂಬಿಕೊಂಡು ಬಂದ.

ಆಲೆಮನೆಯವರು ಸಿಪ್ಪೆಯನ್ನು ಬಯಲಲ್ಲಿ ಹರಡಿ, ಮುಟ್ಟಿದರೆ ಮುರಿಯುವವರೆಗೂ ಬಿಸಿಲಿಗೆ ಹಾಕುತ್ತಾರೆ. ಅದನ್ನು ಮಂಡ್ಯದ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ರವಿಚಂದ್ರನಿಗೂ ಗೊತ್ತಿತ್ತು. ಆದರೆ ರಜೆ ನಾಳೆಯಿಂದ. ಬೆಳಗಿನ ಕಾಫಿ ಹೊತ್ತಿಗೆ ಬಾಲ್ಕನಿಯಲ್ಲಿ ಹರಡಿ ಮಧ್ಯಾಹ್ನದ ಊಟದ ಹೊತ್ತಿಗೆ ಎತ್ತಿದ. ಗುಳಿಗಳಿಗೆ ತುರುಕಿ, ಬಿಸಿ ಮೇಣ ಹೊಯ್ದ. ಒಳಗಿನ ಹಸಿಯೂ ಸಿಹಿಯೂ ಹಾಗೇ ಒಳಗುಳಿದು, ಮೇಲೆ ಮೇಣದ ಮುಚ್ಚಳ ಬಿತ್ತು. ನೋಡಲು ಬಲು ಚೆಂದ ಇದ್ದವು. ಒಂದೊಂದು ಬಟ್ಟಲಿಗೂ ಒಂದು ಊರು ಸುಡುವ ಶಕ್ತಿ ಇದೆ ಎಂದು ಮನೆಯಲ್ಲಿ ಎಚ್ಚರಿಕೆ ಕೊಟ್ಟ.

ತೋಟಕ್ಕೆ ಹೋಗಿ ಟೆಂಟು ಹೊಡೆಯುವ ಹೊತ್ತಿಗೆ ಜಿನುಗು ಮಳೆ ಹಿಡಿಯಿತು. ಕಟ್ಟಿಗೆ ಒಣಗಿದ್ದವೇ, ದೇವರಾಜು ಪಂಪ್‌ಶೆಡ್ಡಿನೊಳಗಿಂದ ಕೊಟ್ಟಿದ್ದ. ಲಿಂಗಯ್ಯ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಚ್ಚಿ, ಮಡಿಲಲ್ಲಿ ಚರ್ಮದ ಚೀಲ ಇಟ್ಟುಕೊಂಡು ಒಲೆಯ ಎದುರು ಕೂತರು. ಬಸ್ಸಿನ ಬಾಗಿಲಲ್ಲಿ ನಿಂತು ಹತ್ತುವವರನ್ನು ನೋಡುವ ಹಾಗೆ ನೋಡುತ್ತಿದ್ದರು. ರವಿಚಂದ್ರ ಒಂದೇ ಕಡ್ಡಿ ಸಾಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗೀರಿದ. ಬಟ್ಟಲಿನ ಅಂಚು ಹತ್ತಿತು. ಆಮೇಲೆ ಒಳಗಿಂದ ಚುಯ್ ಎಂದಿತು. ನೊರೆ ಬಂತು. ಆರಿತು. ಇನ್ನೊಂದು ಕಡ್ಡಿ. ಇನ್ನೊಂದು ಬಟ್ಟಲು. ಚುಯ್. ಪೊಟ್ಟಣ ಖಾಲಿಯಾಗುತ್ತ ಬಂತು. ತೋಟದ ತುಂಬ ಪಾಕ ಸೀದ ವಾಸನೆ. ಒಂದು ಬಟ್ಟಲಿನಿಂದ ಕೆಂಜುಗ ಇರುವೆಗಳು ಸಂಸಾರ ಸಮೇತ ಎದ್ದು ಬಂದು ಅವನ ಅಂಗೈ ಮೇಲೆ ಮೆರವಣಿಗೆ ಹೊರಟವು.

ಲಿಂಗಯ್ಯ ಬಹಳ ಹೊತ್ತು ನೋಡಿ ಕೇಳಿದರು: “ಅಳಿಯಂದ್ರೆ, ಬೆಲ್ಲ ಕಾಯುಸ್ತಾ ಇದ್ದೀರಾ?”

ಅದನ್ನಾದರೂ ಅವನು ತಡೆದುಕೊಂಡಾನು. ಆದರೆ ಟೆಂಟಿನೊಳಗೆ ಅರುಂಧತಿ ಬಿಸ್ಕತ್ತಿನ ಪೊಟ್ಟಣ ಬಿಚ್ಚುವ ಸರಪರ ಸದ್ದು ಕೇಳಿಸಿತು. ಅವನಿಗೆ ಚಿಕ್ಕಮಾದುವಿನ ಗಾಡಿಯ ಮೇಲೆ ತನ್ನ ಟೆಂಟು ಕಟ್ಟಿರುವುದು, ಅದರ ನೆರಳಲ್ಲಿ ಯಾರೋ ಕಬ್ಬಿನ ಹಾಲು ಕುಡಿಯುತ್ತಿರುವುದು ಕಣ್ಣಿಗೆ ಕಟ್ಟಿತು. ಮತ್ತೆ ಮೆಟ್ಟಿಲ ಮೇಲಿನ ಸಂಸಾರ. ಮುದ್ದೆಗೆ ನೀರು ತರುತ್ತೇನೆ ಎಂದು ಗೊಣಗಿ ಕೊಡ ಎತ್ತಿಕೊಂಡು ಮರಗಳ ಕಡೆ ನಡೆದ.

ಹಿಂದಿರುಗಿ ಬಂದಾಗ ಒಲೆ ಆಳೆತ್ತರ ಉರಿಯುತ್ತಿತ್ತು. ಅಂದರೆ, ಮೊಣಕಾಲೆತ್ತರ. ಲಿಂಗಯ್ಯ ಕುರ್ಚಿಯಲ್ಲಿ ಮೊದಲಿನಂತೆಯೇ ಕೂತಿದ್ದರು. “ನಿಮ್ದು ಈಗ ಗಾಳಿ ಇಡೀತು ನೋಡಿ” ಎಂದರು. ರವಿಚಂದ್ರ ಹೂಂ ಎಂದ. ಆಮೇಲೆ, ಇದು ಹಾಗೇ, ನಿಧಾನಕ್ಕೆ ಹಿಡಿಯುವ ಜಾತಿ, ಹಿಡಿದರೆ ಬಿಡುವುದಿಲ್ಲ ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ.

ಆ ಬೆಂಕಿಯಲ್ಲಿ ಅರುಂಧತಿ ಮುದ್ದೆ ತೊಳಸಿದಳು, ಅವರೆಕಾಳು ಸಾರು ಕುದಿಯಿತು. ನಾಲ್ಕೂ ಜನ ಸುತ್ತ ಕೂತು ಉಂಡರು. ವೀಣ ಶಾಲೆಯಲ್ಲಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ಅರುಂಧತಿ ನಕ್ಕು ನಕ್ಕು ಕೆಮ್ಮಿದಳು. ಅವಳು ಹಾಗೆ ನಕ್ಕಿದ್ದನ್ನು ರವಿಚಂದ್ರ ನೋಡಿ ಎಷ್ಟೋ ದಿನವಾಗಿತ್ತು. ಕೈ ತೊಳೆಯುವಾಗ ಲಿಂಗಯ್ಯ ಅಳಿಯನ ಮುಖ ನೋಡದೆ ಹೇಳಿದರು: “ಪರವಾಗಿಲ್ಲ ಕಣಪ್ಪ. ಗಟ್ಟಿಗ ನೀನು.”

ಬೇಕಾಗಿದ್ದ ಮಾತು ಅದೇ. ಆದರೆ ಅದು ಬೇರೆಯವರ ಅಂಗಿ ತೊಟ್ಟ ಹಾಗೆ ಎಲ್ಲೋ ಬಿಗಿಯಿತು, ಎಲ್ಲೋ ಸಡಿಲವಾಯಿತು. ಬಿಗಿಯನ್ನು ಮರೆಯಲು ಅವನು ಕತೆಯನ್ನು ಹಿಗ್ಗಿಸುತ್ತಾ ಹೋದ. ದೀಪಾವಳಿಗೆ ಒಲೆಯಿದ್ದದ್ದು ತೋಟವಾಯಿತು, ಸಂಕ್ರಾಂತಿಗೆ ತೋಟವಿದ್ದದ್ದು ಹೊಳೆಯಾಯಿತು, ಪೂರ್ಣಿಮೆಯ ಹೊತ್ತಿಗೆ ಹೊಳೆಯ ನೀರೇ ಹತ್ತಿಕೊಂಡು ಉರಿಯಿತು.

ಹೀಗೆ ಉರಿಯುತ್ತಿದ್ದಾಗಲೇ ಅಂಗಳದಲ್ಲಿ ಚಿಕ್ಕಮಾದು ಪಾಯಸದ ಲೋಟ ಕೆಳಗಿಟ್ಟ.

“ಭಾವ, ಒಂದ್ಮಾತು. ಅವತ್ತು ನೀವು ನನ್ ಗಾಡಿ ತಾವ ಸಿಪ್ಪೆ ತುಂಬ್ಕೊಂಡಾಗ ಚೀಲದಿಂದ ಆಲು ಸೋರ್ತಿತ್ತು. ಮಾರ್ನೆ ದಿನಕ್ಕೇ ಅದು ಒಣುಗ್ಬುಡ್ತಾ?”

ರವಿಚಂದ್ರ ತನ್ನ ಬಾಲ್ಕನಿಯ ಬಿಸಿಲಿನ ವಿಶೇಷವನ್ನು ವಿವರಿಸತೊಡಗಿದ. ಶಿವನಸಮುದ್ರದಲ್ಲಿ ಸೂರ್ಯ ಸ್ವಲ್ಪ ಕೆಳಗೇ ಇರುತ್ತಾನೆ ಎಂಬಲ್ಲಿಗೆ ಬಂದಿದ್ದ. ಅಷ್ಟರಲ್ಲಿ ಅರುಂಧತಿ ಎದ್ದು ಕಾರಿನ ಹತ್ತಿರ ಹೋಗಿ ಡಿಕ್ಕಿ ತೆಗೆದು, ಒಂದು ಬಟ್ಟೆ ಚೀಲ ತಂದು ಚಾಪೆಯ ನಡುವೆ ಸುರಿದಳು. ಬೆಂಕಿಬಟ್ಟಲುಗಳು. ಅಂಚು ಮಾತ್ರ ಕಪ್ಪಗಾದವು ಕೆಲವು, ಕಡ್ಡಿಯನ್ನೇ ಕಾಣದವು ಹಲವು.

“ದಸರಾದಿಂದ ಇದ್ನ ಡಿಕ್ಕಿಲಿ ಇಟ್ಕೊಂಡು ಓಡಾಡ್ತಾ ಇದ್ದೀರಲ್ಲ” ಎಂದಳು. “ಎಲ್ಲಾ ಇಲ್ಲೇ ಇದ್ರೆ ಅವತ್ತು ಉರಿದಿದ್ದೇನು?”

ಬಿಸಾಡಲು ಅವನಿಗೆ ಮನಸ್ಸು ಬಂದಿರಲಿಲ್ಲ, ಯಾರಿಗಾದರೂ ತೋರಿಸಲು ಧೈರ್ಯವೂ ಇರಲಿಲ್ಲ. ಪಕ್ಕದ ಮನೆಯ ಮಹದೇವು ಆಗಲೇ ಒಂದನ್ನೆತ್ತಿಕೊಂಡು ಗೋಡೆಯ ಮೇಲಿನ ಮೇಣದ ಬತ್ತಿಗೆ ಹಿಡಿದ. ಅಂಗಳವೆಲ್ಲ ಉಸಿರು ಬಿಗಿಹಿಡಿದು ನೋಡಿತು. ಚುಯ್ ಎಂದಿತು. ಆರಿತು. ನಗು ಶುರುವಾಯಿತು.

ಆಗ ಲಿಂಗಯ್ಯ ಕುರ್ಚಿಯಲ್ಲಿ ಮುಂದೆ ಬಾಗಿದರು. “ಹಳೇದಾಗವೆ ಬುಡ್ಲಾ ಮಹದೇವು. ಡಿಕ್ಕೀಲಿ ಶೀತ ಇಡುದ್ರೆ ಯಾವ್ದು ತಾನೆ ಅತ್ಕತ್ತದೆ? ಅವತ್ತು ಚೆನ್ನಾಗೇ ಉರಿದ್ವು. ನಾನೇ ನೋಡಿದ್ದೀನಿ.”

ನಗು ನಿಂತಿತು. ಲಿಂಗಯ್ಯ ಹೇಳಿದರೆಂದ ಮೇಲೆ ಮುಗಿಯಿತು. ಸುಳ್ಳಿಗೆ ಟಿಕೆಟ್ಟು ಕೊಡದ ಮನುಷ್ಯ ಅವರು. ರವಿಚಂದ್ರ ತಪ್ಪಿಸಿಕೊಂಡಿದ್ದ. ಸುಮ್ಮನೆ ಪಾಯಸ ಕುಡಿದಿದ್ದರೆ ಅಲ್ಲಿಗೆ ಆಗಿಹೋಗುತ್ತಿತ್ತು. ಆದರೆ ತನ್ನ ಆಯುಷ್ಯದಲ್ಲಿ ಒಂದು ಸುಳ್ಳನ್ನೂ ಬಸ್ಸು ಹತ್ತಿಸದ ಮಾವ, ಊರವರೆದುರು, ಅಳಿಯನಿಗಾಗಿ ಸುಳ್ಳು ಹೇಳಿದ್ದರು. ಅವನು ಲೋಟ ಕೆಳಗಿಟ್ಟ.

“ಮಾವ ಸುಳ್ಳು ಹೇಳ್ತಾವ್ರೆ” ಎಂದ.

ಎಲ್ಲರೂ ಅವನ ಕಡೆ ತಿರುಗಿದರು. ರವಿಚಂದ್ರ ಚಾಚಿದ್ದ ಕಾಲನ್ನು ಮಡಿಸಿಕೊಂಡ.

“ನಂದು ಒಂದೂ ಅತ್ತಲಿಲ್ಲ. ನಾನು ನೀರಿಗೂ ಓಗಿರ್ಲಿಲ್ಲ. ನಾಚ್ಕೆ ಆಗಿ ತೆಂಗಿನ ಮರದ ಹಿಂದೆ ನಿಂತಿದ್ದೆ, ಕೊಡ ಹಿಡ್ಕೊಂಡು. ಅಲ್ಲಿಂದ ನೋಡ್ದೆ. ಮಾವ ಚೀಲದಿಂದ ಬಟ್ಟಲು ತೆಗೆದ್ರು. ಬಣ್ಣ ಬಣ್ಣದ್ದು. ನೀಲಿ, ಕಿತ್ಲೆ. ಕೊಡೇನ ತಮ್ ತಲೆ ಮೇಲಿಂದ ತೆಗೆದು ಒಲೆ ಮೇಲೆ ಹಿಡಿದ್ರು. ಮಣ್ಣಲ್ಲಿ ಮಂಡಿ ಊರಿ, ಮಳೇಲಿ ನೆನೀತಾ, ಊದಿದ್ರು. ಅತ್ಕೊಂಡ್ ಮೇಲೆ ನನ್ ಬಟ್ಟಲನ್ನೆಲ್ಲ ನನ್ ಬಟ್ಟೆ ಚೀಲಕ್ಕೇ ತುಂಬಿ ಮರೆ ಮಾಡಿ, ತಲೆ ಒರೆಸ್ಕೊಂಡು ಹೋಗಿ ಕುರ್ಚೀಲಿ ಕೂತ್ರು. ನಾನು ಬಂದೆ. ಗಾಳಿ ಹಿಡೀತು ಅಂದ್ರು. ಹೂಂ ಅಂದ್ಬುಟ್ಟೆ.”

ಅಂಗಳದಲ್ಲಿ ಯಾರೂ ನಗಲಿಲ್ಲ. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಮಂಚಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ಅವರಿಂದಲೇ ಗೊತ್ತಾಯಿತು, ಆ ಬಟ್ಟಲುಗಳು ಅವರವು. ಪ್ರತಿ ಪೂರ್ಣಿಮೆಯ ಮಾರನೇ ದಿನ ಗೋಡೆಯ ಮೇಲೆ ಉಳಿದ ಮೇಣದ ತುಂಡುಗಳನ್ನು ಕೆರೆದು ತೆಗೆದು, ಒಣಗಿದ ತೆಂಗಿನ ನಾರಿನ ಮೇಲೆ ಕರಗಿಸಿ ಹೊಯ್ದು, ಮೊಟ್ಟೆ ಟ್ರೇಯಲ್ಲೇ ಅಚ್ಚು ಹಾಕಿಟ್ಟುಕೊಂಡು, ಸ್ನಾನದ ಹಂಡೆಯ ಒಲೆಯನ್ನು ವರ್ಷವಿಡೀ ಅದರಲ್ಲೇ ಹೊತ್ತಿಸುತ್ತಿದ್ದರು. ಹಬ್ಬಕ್ಕೆ ಬಂದಾಗಲೆಲ್ಲ ರವಿಚಂದ್ರ ಮಿಂದದ್ದು ಆ ಬೆಂಕಿಯ ನೀರಿನಲ್ಲೇ. ಟ್ರೇ ಬಿಸಾಡಬೇಡಿ ಅಂತ ಅವರು ಎಷ್ಟು ಸಲ ಹೇಳಿದ್ದರೋ, ಅವನು ಕೇಳಿಸಿಕೊಂಡಿರಲಿಲ್ಲ. ಮೊಬೈಲಿನ ಬಿಳಿಯ ಹೇಳಿದಾಗ ಕೇಳಿಸಿತು. ದಸರಾದಲ್ಲಿ ಗಂಡ ಹೊರಡುವಾಗ ಅಷ್ಟನ್ನು ಚರ್ಮದ ಚೀಲಕ್ಕೆ ಹಾಕಿ ಕಳಿಸಿದವರೂ ಅವರೇ. ಅಳಿಯಂದಿರಿಗೆ ಗೊತ್ತಾಗದ ಹಾಗೆ ಕೊಡಿ ಎಂದಿದ್ದರಂತೆ.

ರವಿಚಂದ್ರ ಎದ್ದು ಹೋಗಿ ಮಾವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಹೇಳಬೇಕಾದದ್ದು ಬಹಳವಿತ್ತು. ಅವತ್ತು ಬೆಂಕಿಯ ಬೆಳಕಿನಲ್ಲಿ ಕಂಡ ಅರುಂಧತಿಯ ನಗು, ಇನ್ನೂ ಚಿಕ್ಕಮಾದುವಿನ ಗಾಡಿಗೆ ಹೋಗದೆ ಮನೆಯಲ್ಲೇ ಉಳಿದಿರುವ ಟೆಂಟು. ಎಂಥ ಸಣ್ಣ ಸಂಗತಿಯನ್ನೂ ಆನೆಯಷ್ಟು ಮಾಡುವವನಿಗೆ ಇಷ್ಟು ದೊಡ್ಡದನ್ನು ಹೇಳಲು ಮಾತು ಸಾಲಲಿಲ್ಲ.

“ನಿಮ್ ಋಣ ಮಾವ” ಎಂದ, ಅಷ್ಟೆ.

ಲಿಂಗಯ್ಯ ಚೀಲದ ಪಟ್ಟಿಯನ್ನು ನೇವರಿಸುತ್ತ ಕೂತಿದ್ದರು. “ಮರದ ಹಿಂದೆ ನಿಂತಿದ್ದು ನಂಗೂ ಕಂಡಿತ್ತು” ಎಂದರು. “ತೆಂಗಿನ ಮರಕ್ಕೆ ಒಟ್ಟೆ ಬಂದಿದ್ನ ನಾನು ಅವತ್ತೇ ಮೊದ್ಲು ನೋಡಿದ್ದು.”

ಈಗ ಅಂಗಳ ತಡೆದುಕೊಂಡಿದ್ದ ನಗುವೆಲ್ಲ ಒಡೆಯಿತು. ಚಿಕ್ಕಮಾದು ಚಾಪೆಯ ಮೇಲೆ ಉರುಳಿದ. ಅರುಂಧತಿ ನಕ್ಕು ನಕ್ಕು ಕೆಮ್ಮಿದಳು, ಅವತ್ತಿನ ಹಾಗೆಯೇ. ಲಿಂಗಯ್ಯ ಮಗಳ ಕಡೆ ತಿರುಗಿದರು. ಎಲ್ಲರಿಗೂ ಗೊತ್ತಿತ್ತು ಅವರು ಏನನ್ನುತ್ತಾರೆಂದು.

“ಪೂರಾ ಟಿಕೆಟ್ಟು ಕಣಮ್ಮ” ಎಂದರು.

ಗೋಡೆಯ ಮೇಲೆ ಮೇಣದ ಬತ್ತಿಗಳು ಒಂದೊಂದಾಗಿ ಮುಗಿಯುತ್ತ ಬಂದಿದ್ದವು. ಮಂಚಮ್ಮ ಒಂದು ಹಳೇ ಚಾಕು ತಂದು ಅಳಿಯನ ಕೈಗೆ ಕೊಟ್ಟರು. ರವಿಚಂದ್ರ ಗೋಡೆಯ ಈ ತುದಿಯಿಂದ ಶುರು ಮಾಡಿ, ನೀಲಿ, ಹಳದಿ, ಕೆಂಪು ಎನ್ನದೆ ಆರಿದ ತುಂಡುಗಳನ್ನು ಕೆರೆದು ಒಂದು ತಟ್ಟೆಗೆ ಹಾಕತೊಡಗಿದ. ಮಳೆ ಹಿಡಿಯುವ ಮೊದಲು ಇನ್ನೊಂದು ಸಲ ತೋಟಕ್ಕೆ ಹೋಗುವುದೆಂದೂ, ಈ ಸಲ ಮಂಡಿ ನೋವಿದ್ದರೂ ಅವ್ವ ಬರಲೇಬೇಕೆಂದೂ ಅರುಂಧತಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಮಹದೇವುವಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅವನು ಗೋಡೆಯ ಹತ್ತಿರ ಬಂದು ನಿಂತು, ಒಲೆಯದೆಲ್ಲ ಸರಿ, ಆ ಕಾವೇರಿ ಹೊತ್ತಿ ಉರಿದದ್ದಾದರೂ ನಿಜವೇ ಎಂದು ಕೇಳಿದ.

ರವಿಚಂದ್ರ ಒಂದು ಕಿತ್ತಳೆ ಬಣ್ಣದ ತುಂಡನ್ನು ಉಗುರಿನಲ್ಲಿ ಎಬ್ಬಿಸುತ್ತಿದ್ದ. ಹಿಂದೆ ತಿರುಗಿ ಮಾವನನ್ನು ಒಂದು ಸಲ ನೋಡಿದ.

“ಕಾವೇರಿ ಅಲ್ಲ ಕಣ್ಲಾ, ಟೆಂಟಿನ ಮುಂದೆ ನಿಂತಿದ್ದ ಮಳೆ ನೀರು” ಎಂದ. “ಅತ್ತೆ ಬಟ್ಟಲು ಒಂದು ಮಾವನ ಚೀಲದಲ್ಲಿ ಮಿಕ್ಕಿತ್ತು, ಹಚ್ಚಿ ಅದ್ರಲ್ಲಿ ತೇಲಿ ಬುಟ್ಟಿದ್ದು. ಅದೂ ನಾನಲ್ಲ, ವೀಣ.”